ಲಾಭದಿಂದ ಎಣಿಸು

ನಿವೃತ್ತರು ಬರೆಯಲು ಕೂತರೆ ಯಾವಾಗ ಯಾವ ಹುದ್ದೆಗೆ ಏರಿದೆ ಎಂಬಲ್ಲಿಂದ ಶುರು ಮಾಡುತ್ತಾರೆ. ನಾನು ಏರಿದ್ದು ಹೆಚ್ಚಾಗಿ ಕೆಂಪು ಬಸ್ಸುಗಳನ್ನು. ಮುದ್ದೇಬಿಹಾಳ, ಸಿಂದಗಿ, ಇಂಡಿ, ಕೊನೆಗೆ ಬಸವನ ಬಾಗೇವಾಡಿ. ಈ ನಾಲ್ಕು ಊರುಗಳ ಸರಕಾರಿ ಕಾಲೇಜುಗಳಲ್ಲಿ ರಸಾಯನಶಾಸ್ತ್ರ ಕಲಿಸುತ್ತ, ಉಳಿದ ವೇಳೆಯಲ್ಲಿ ಅಣುವಿನ ಮೇಲೆ ಬೆಳಕು ಬಿದ್ದರೆ ಒಳಗೆ ಏನಾಗುತ್ತದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುತ್ತ ನನ್ನ ನೌಕರಿ ಮುಗಿಯಿತು. ಚೆನ್ನಾಗಿಯೇ ಮುಗಿಯಿತು, ದೂರೇನಿಲ್ಲ. ಈಗ ಬಾಗೇವಾಡಿಯ ಮನೆಗೆ ಆಗಾಗ ಹುಡುಗ ಹುಡುಗಿಯರು ಬಂದು, "ಮೇಡಂ, ಈ ಕೆಲಸಕ್ಕ ಬರಬೇಕಂದ್ರ ಏನು ಓದಬೇಕ್ರಿ?" ಎಂದು ಕೇಳುತ್ತಾರೆ. ಓದಬೇಕಾದದ್ದನ್ನು ಯಾರು ಬೇಕಾದರೂ ಹೇಳುತ್ತಾರೆ. ನಾನು ಹೇಳಬೇಕಾದದ್ದು ಒಂದು ಸೊನ್ನೆಯ ಕಥೆ. ಆ ಸೊನ್ನೆ ಶಾಹಿದಾ ಎಂಬ ನನ್ನ ವಿದ್ಯಾರ್ಥಿನಿಯ ಐದು ವರ್ಷದ ದುಡಿಮೆಯನ್ನು ನುಂಗಿಬಿಡುವುದರಲ್ಲಿತ್ತು. ಅದನ್ನು ಅಲ್ಲಿ ಇಟ್ಟವಳು ನಾನೇ.

ಸೊನ್ನೆಗೆ ಬರುವ ಮೊದಲು 'ಲಾಭ'ದ ವಿಷಯ ಹೇಳಬೇಕು. ನನ್ನ ತವರು ಮನಗೂಳಿ. ರಾಶಿ ಮನೆಗೆ ಬಂದ ದಿನ ಅವ್ವ ಪಡಸಾಲೆಯಲ್ಲಿ ಕಾಲು ಚಾಚಿ ಕೂತು ಸೇರಿನಿಂದ ಜೋಳ ಅಳೆಯುತ್ತಿದ್ದಳು. ನಮ್ಮ ಕಡೆ ಕಾಳು ಅಳೆಯುವಾಗ 'ಒಂದು' ಎನ್ನುವುದಿಲ್ಲ. ಒಂದು ಅಂದರೆ ಒಂಟಿ, ಅಪಶಕುನ. ಮೊದಲನೆಯ ಸೇರಿಗೆ 'ಲಾಭ' ಎನ್ನಬೇಕು. ಲಾಭ, ಎರಡು, ಮೂರು, ಹೀಗೆ. ಚಿಕ್ಕವಳಿದ್ದಾಗ ನಾನು, "ಯವ್ವಾ, ಲಾಭ ಅಂದ್ರ ಎಷ್ಟ?" ಎಂದು ಕೇಳಿದ್ದೆ.

"ಲಾಭ ಅಂದ್ರ ಲಾಭ. ಅಳಿಯೂ ಮುಂದ ನಡುವ ಬಾಯಿ ಹಾಕಬ್ಯಾಡ, ಲೆಕ್ಕ ತಪ್ಪತೈತಿ" ಎಂದಳು ಅವ್ವ. ನಾನು ಮತ್ತೆ ಕೇಳಲಿಲ್ಲ. ಆ ಪದ ನನ್ನ ತಲೆಯಲ್ಲಿ 'ಒಂದು' ಎಂಬ ಅಂಕಿಯ ಮೇಲೆ ಹಾಗೇ ಕೂತುಬಿಟ್ಟಿತು.

ದೊಡ್ಡ ಊರಿನ ವಿಶ್ವವಿದ್ಯಾಲಯಕ್ಕೆ ಪಿಎಚ್.ಡಿ.ಗೆ ಹೋದಾಗ ನನಗೆ ಸಿಕ್ಕ ಗುರುಗಳು ಮೈಸೂರು ಕಡೆಯವರು. ಮೆಲುಮಾತಿನವರು, ಬೈಯುವುದನ್ನೂ ವಿನಂತಿಯ ಹಾಗೆ ಬೈಯುವವರು. ಮೊದಲ ದಿನವೇ, "ನಿಮ್ಮ ತಾಲ್ಲೂಕು ಕಾಲೇಜಿನಲ್ಲಿ ನಾಳೆ ಪ್ರಯೋಗಶಾಲೆ ಇರುವುದಿಲ್ಲ. ಲೆಕ್ಕದ ಕೆಲಸ ಕಲಿಯಿರಿ. ಅದಕ್ಕೆ ಒಂದು ಮೇಜು, ಒಂದು ಯಂತ್ರ ಸಾಕು" ಎಂದರು. ಅವರ ಮಾತು ನಂಬಿದೆ. ಇವತ್ತಿಗೂ ಅದಕ್ಕಾಗಿ ಅವರಿಗೆ ಕೈ ಮುಗಿಯುತ್ತೇನೆ.

ಕೆಲಸ ಏನೆಂದು ಹೇಳುತ್ತೇನೆ. ಪಂಚಮಿಯ ಜೋಕಾಲಿ ನೆನಪಿಸಿಕೊಳ್ಳಿ. ಮೆಲ್ಲಗೆ ನೂಕಿದರೆ ಸ್ವಲ್ಪ ತೂಗುತ್ತದೆ, ಎರಡರಷ್ಟು ನೂಕಿದರೆ ಎರಡರಷ್ಟು ತೂಗುತ್ತದೆ. ಸಾಮಾನ್ಯ ಬೆಳಕು ಬಿದ್ದಾಗ ಅಣುವಿನೊಳಗಿನ ಎಲೆಕ್ಟ್ರಾನುಗಳು ಹೀಗೇ ತೂಗುತ್ತವೆ. ಆದರೆ ಗಟ್ಟಿ ಹೆಂಗಸೊಬ್ಬಳು ಬಂದು ಮೈಯೆಲ್ಲ ಬಲ ಹಾಕಿ ನೂಕಿದರೆ? ಮೇಲೆ ಹೋದಾಗ ಹಗ್ಗ ಸಡಿಲಾಗಿ ಜಗ್ಗುತ್ತದೆ, ಹಲಗೆ ಅಡ್ಡಕ್ಕೆ ನಡುಗುತ್ತದೆ, ನೀವು ಕೊಡದೇ ಇದ್ದ ಓಲಾಟಗಳೆಲ್ಲ ಹುಟ್ಟುತ್ತವೆ. ಲೇಸರಿನ ತೀಕ್ಷ್ಣ ಬೆಳಕು ಅಣುವಿಗೆ ಹೀಗೆ ಮಾಡುತ್ತದೆ. ಒಳಗೆ ಒಂದು ಬಣ್ಣ ಕಳಿಸಿದರೆ ಹೊರಗೆ ಇನ್ನೊಂದು ಬಣ್ಣವೂ ಬರುತ್ತದೆ. ಇದಕ್ಕೆ ಅರೇಖೀಯ ಪ್ರತಿಸ್ಪಂದನೆ ಎನ್ನುತ್ತಾರೆ. ಇನ್ನು ನೂಕುವುದನ್ನು ನಿಲ್ಲಿಸಿದ ಮೇಲೆ ಜೋಕಾಲಿ ಎಷ್ಟು ಹೊತ್ತು ತೂಗಿ ನಿಲ್ಲುತ್ತದೆ ಎಂದು ಹಿಂಬಾಲಿಸುವುದು ಕೆಲಸದ ಇನ್ನರ್ಧ. ಅಣುವಿನಲ್ಲಿ ಇದೆಲ್ಲ ಆಗಿ ಮುಗಿಯುವ ವೇಳೆ ಕಲ್ಪನೆಗೆ ನಿಲುಕುವುದಿಲ್ಲ. ಸೆಕೆಂಡನ್ನು ಕೋಟಿ ಚೂರು ಮಾಡಿ, ಅದರಲ್ಲೊಂದು ಚೂರನ್ನು ಮತ್ತೆ ಕೋಟಿ ಚೂರು ಮಾಡಿದರೆ ಬರುತ್ತದಲ್ಲ, ಅಂಥ ಚೂರುಗಳ ಲೆಕ್ಕ.

ನನ್ನ ಅಣು ಕುಸುಬಿ ಹೂವಿನ ಕೆಂಪು ಬಣ್ಣದ ದೂರದ ನಂಟ. ಹೊಲದಲ್ಲಿ ಕುಸುಬಿ ನೋಡುತ್ತ ಬೆಳೆದವಳಿಗೆ ಅದೇ ಇಷ್ಟವಾಯಿತು. ಪ್ರತಿ ಅಣುವಿಗೂ ಶಕ್ತಿಯ ಮೆಟ್ಟಿಲುಗಳಿರುತ್ತವೆ. ಎಲ್ಲಕ್ಕೂ ಕೆಳಗಿನದು ನೆಲಮಟ್ಟ, ಅಣು ಸುಮ್ಮನಿದ್ದಾಗ ಇರುವ ಜಾಗ. ನನ್ನ ಮೊದಲ ಪ್ರೋಗ್ರಾಂ ಬರೆದ ಭಾಷೆ ಒಂದರಿಂದ ಎಣಿಸುವಂಥದು. ನೆಲಮಟ್ಟ ಅಂದರೆ ಒಂದು. ನನ್ನ ಕೈ ತಾನಾಗಿ ಅದಕ್ಕೆ 'ಲಾಭ' ಎಂದು ಹೆಸರಿಟ್ಟಿತು. ಪಕ್ಕದಲ್ಲಿ ನನಗೇ ನೆನಪಿರಲೆಂದು ಇಂಗ್ಲಿಷ್ ಅಕ್ಷರಗಳಲ್ಲಿ ಒಂದು ಟಿಪ್ಪಣಿ ಬರೆದೆ: ಲಾಭದಿಂದ ಎಣಿಸು.

ಮುದ್ದೇಬಿಹಾಳಕ್ಕೆ ನೇಮಕವಾದಾಗ ಒಂದು ಹಳೆಯ ಕಂಪ್ಯೂಟರ್ ಜೊತೆಗೆ ಹೋದೆ. ರಸಾಯನಶಾಸ್ತ್ರ ವಿಭಾಗದ ಮೂಲೆಯಲ್ಲಿ, ಆಮ್ಲದ ಬಾಟಲಿಗಳ ಕಪಾಟಿನ ಪಕ್ಕ ಅದಕ್ಕೆ ಜಾಗ ಸಿಕ್ಕಿತು. ಒಂದು ಲೆಕ್ಕ ಮುಗಿಯಲು ಮೂರು ದಿನ ಬೇಕಾಗುತ್ತಿತ್ತು. ಎರಡನೆಯ ದಿನ ತರಗತಿ ಮುಗಿಸಿ ಬಂದು ನೋಡಿದರೆ ಪರದೆ ಕಪ್ಪು. ಜವಾನ ಶಿವಪ್ಪ ಹೆಮ್ಮೆಯಿಂದ ನಿಂತಿದ್ದ.

"ಯಾರೂ ಇರಲಿಲ್ಲ ಬಾಯಾರ, ಹಂಗಽ ಉರಿಯಾಕತ್ತಿತ್ತು. ಬಂದ್ ಮಾಡೀನ್ರಿ" ಎಂದ.

ನನಗೆ ಅಳು ಬಂತು, ಸಿಟ್ಟೂ ಬಂತು. ಆದರೆ ಅವನ ತಪ್ಪೇನು? ಪರದೆಯ ಮೇಲೆ ಏನೂ ಅಲುಗಾಡುತ್ತಿರಲಿಲ್ಲ. ಮರುದಿನ ಯಂತ್ರದ ಮೇಲೆ ಒಂದು ಚೀಟಿ ಅಂಟಿಸಿದೆ: "ಅಡಿಗಿ ನಡದೈತಿ, ಒಲಿ ಆರಸಬ್ಯಾಡ್ರಿ." ಅಂದಿನಿಂದ ಶಿವಪ್ಪ ಅದನ್ನು ಒಲೆಯಂತೆಯೇ ಕಾದ. ಕರೆಂಟ್ ಹೋದರೆ ಎಷ್ಟು ಹೊತ್ತಿಗೆ ಹೋಯಿತು, ಎಷ್ಟಕ್ಕೆ ಬಂತು ಎಂದು ಗೋಡೆಯ ಕ್ಯಾಲೆಂಡರಿನ ಮೇಲೆ ಗುರುತು ಹಾಕಿಡುತ್ತಿದ್ದ. ನಾನು ನನ್ನ ಪಾಲಿಗೆ ಪ್ರತಿ ಗಂಟೆಗೊಮ್ಮೆ ಅಲ್ಲಿಯವರೆಗಿನ ಲೆಕ್ಕವನ್ನು ಉಳಿಸಿಡುವ ಹಾಗೆ ಪ್ರೋಗ್ರಾಂ ತಿದ್ದಿದೆ. ದೊಡ್ಡ ಊರಿನಲ್ಲಿ ನನ್ನ ಜೊತೆ ಓದಿದವರು ಆ ಜಾಣತನ ಕಲಿಯಲು ಇನ್ನೂ ಹತ್ತು ವರ್ಷ ತೆಗೆದುಕೊಂಡರು. ಅವರಲ್ಲಿ ಕರೆಂಟ್ ಹೋಗುತ್ತಿರಲಿಲ್ಲ, ಪಾಪ.

ಸಿಂದಗಿಯಲ್ಲಿ ಪ್ರಿನ್ಸಿಪಾಲರೊಬ್ಬರು ಇದ್ದರು. ಕಾಲೇಜಿನ ಬಗ್ಗೆ ತುಂಬ ಅಭಿಮಾನ, ವಿಜ್ಞಾನದ ಬಗ್ಗೆ ಅಷ್ಟಕ್ಕಷ್ಟೆ. ಒಂದು ಸಲ ಪರಿಶೀಲನೆಯ ತಂಡ ಬಂದಾಗ ನನ್ನನ್ನು ಮುಂದೆ ನಿಲ್ಲಿಸಿ, "ಇವರು ಲೇಸರ್ ಮ್ಯಾಗ ಸಂಶೋಧನಾ ಮಾಡ್ತಾರ್ರಿ" ಎಂದು ಪರಿಚಯಿಸಿದರು.

ತಂಡದ ಹಿರಿಯರು, "ಲೇಸರ್ ಎಲ್ಲಿ ಐತ್ರಿ?" ಎಂದರು.

"ಇಲ್ರಿ ಸರ್."

"ಅಣು?"

"ಅದೂ ಇಲ್ರಿ."

"ಮತ್ತೇನೈತಿ?"

"ಲೆಕ್ಕ ಐತ್ರಿ."

ಪ್ರಿನ್ಸಿಪಾಲರು ನನ್ನತ್ತ ಬೀರಿದ ನೋಟ ಯಾವ ಲೇಸರಿಗೂ ಕಡಿಮೆ ಇರಲಿಲ್ಲ. ಮುಂದಿನ ತಂಡ ಬರುವ ಹೊತ್ತಿಗೆ ನನ್ನ ಮೇಜಿನ ಮೇಲೆ ಕೆಂಪು ದ್ರವದ ಗಾಜಿನ ಬಾಟಲಿಯೊಂದು ಬಂದು ಕೂತಿತ್ತು, 'ಕುಸುಬಿ ಅಣು' ಎಂಬ ಚೀಟಿಯ ಸಮೇತ. ಯಾವುದರಲ್ಲಿ ಕರಗಿಸಿದ್ದೀರಿ ಎಂದು ಒಬ್ಬರು ಕೇಳಿದಾಗ ಪ್ರಿನ್ಸಿಪಾಲರು ಥಟ್ಟನೆ, "ಬಾವಿ ನೀರಾಗ್ರಿ" ಎಂದುಬಿಟ್ಟರು. ಅದು ಕುಂಕುಮದ ನೀರೆಂದು ನನಗೆ ಆಮೇಲೆ ಗೊತ್ತಾಯಿತು. ನಗು ತಡೆಯಲು ನಾನು ಕಪಾಟಿನೊಳಗೆ ತಲೆ ಹಾಕಿ ಏನೋ ಹುಡುಕುವವಳಂತೆ ನಟಿಸಿದೆ.

ಸಿಂದಗಿಯಲ್ಲಿದ್ದಾಗಲೇ ನನ್ನ ಪ್ರೋಗ್ರಾಂ ಅಲ್ಲಿ ಇಲ್ಲಿ ಕೈ ಬದಲಾಯಿಸಿ ಬೇರೆ ರಾಜ್ಯಗಳಿಗೂ ಹೋಯಿತು. ಒಮ್ಮೆ ಯಾರದೋ ಪ್ರಬಂಧದ ಕೊನೆಯಲ್ಲಿ ಕೃತಜ್ಞತೆಯ ಸಾಲು ನೋಡಿ ಬೆರಗಾದೆ. ಪ್ರೋಗ್ರಾಂ ಒದಗಿಸಿದ್ದಕ್ಕಾಗಿ 'ಪ್ರೊಫೆಸರ್ ಲಾಭ' ಅವರಿಗೆ ವಂದನೆ ಎಂದಿತ್ತು. ಹೊಟ್ಟೆ ಹಿಡಿದು ನಕ್ಕೆ. ಅವ್ವನಿಗೆ ಫೋನ್ ಮಾಡಿ ಹೇಳಿದೆ. "ನಿಂಗ ಕಲಿಸಿದಾಕಿ ನಾ. ನನ್ನ ಹೆಸರು ಹಾಕಬೇಕಿತ್ತಲ್ಲ" ಎಂದಳು. ನಕ್ಕು ಬಿಟ್ಟೆವು. ನಮ್ಮ ಮನೆಯ ಪದ ಹೊರಗಿನವರಿಗೆ ಬೇರೇನೋ ಆಗುತ್ತದೆ ಎಂದು ಅವತ್ತೇ ಎಚ್ಚರವಾಗಬೇಕಿತ್ತು. ಆಗಲಿಲ್ಲ.

ಇಂಡಿಗೆ ವರ್ಗವಾದ ಮೇಲೆ ಶಾಹಿದಾ ಬಂದಳು. ಝಳಕಿಯ ಹುಡುಗಿ, ತಂದೆಗೆ ಲಿಂಬೆಕಾಯಿಯ ವ್ಯಾಪಾರ. ಪದವಿಯಲ್ಲಿ ನನ್ನ ವಿದ್ಯಾರ್ಥಿನಿ, ಎಂ.ಎಸ್ಸಿ. ಮುಗಿಸಿ ಪಿಎಚ್.ಡಿ. ನನ್ನ ಹತ್ತಿರವೇ ಮಾಡುತ್ತೇನೆಂದು ಹಟ ಹಿಡಿದಳು. ವಿಶ್ವವಿದ್ಯಾಲಯದಲ್ಲಿ ನನ್ನ ಗುರುಗಳೇ ಅವಳ ಮಾರ್ಗದರ್ಶಕರಾದರು, ಕಾಲೇಜಿನಲ್ಲಿ ಸಹಮಾರ್ಗದರ್ಶಕಿ ನಾನು. ಅವಳಿಗೆ ಮಾತು ಕಮ್ಮಿ, ಕೈ ಚುರುಕು. ಅಷ್ಟರಲ್ಲಿ ಕಾಲ ಬದಲಾಗಿತ್ತು. ಮೂರು ದಿನದ ಲೆಕ್ಕ ದೂರದ ದೊಡ್ಡ ಯಂತ್ರದಲ್ಲಿ ಚಹಾ ಕುಡಿಯುವಷ್ಟರಲ್ಲಿ ಮುಗಿಯುತ್ತಿತ್ತು. ನನ್ನ ಹಳೆಯ ಪ್ರೋಗ್ರಾಮನ್ನು ಹೊಸ ಭಾಷೆಗೆ ತರಬೇಕಾಯಿತು. ಶಾಹಿದಾ ನಾಲ್ಕು ತಿಂಗಳು ಕೂತು ಅದನ್ನು ಸಾಲು ಸಾಲಾಗಿ ಹೊಸದಾಗಿ ಬರೆದಳು.

ಸರಿಯಾಗಿದೆಯೇ ಎಂದು ಪರೀಕ್ಷಿಸುವ ಕೆಲಸ ನನ್ನದು. ಎರಡೂ ಪ್ರೋಗ್ರಾಮುಗಳಿಗೆ ಒಂದೇ ಅಣು ಕೊಟ್ಟೆ, ಅತಿ ಸರಳವಾದದ್ದು. ಓಲಾಟ ನಿಲ್ಲುವುದನ್ನು ಲೆಕ್ಕಕ್ಕೆ ಹಿಡಿಯದೆ, ಪ್ರತಿ ಮೆಟ್ಟಿಲಿನ ಆರುವ ವೇಗದ, ಅಂದರೆ ಅಲ್ಲಿಗೇರಿದ ಅಣು ಎಷ್ಟು ಬೇಗ ಕೆಳಗಿಳಿಯುತ್ತದೆ ಎಂಬುದರ, ಜಾಗದಲ್ಲೆಲ್ಲ ಸೊನ್ನೆ ಹಾಕಿದೆ. ಎರಡರ ಉತ್ತರವೂ ಎಂಟನೆಯ ದಶಾಂಶದವರೆಗೆ ಕೂಡಿಬಂತು. "ಶಾಬಾಸ್ ಶಾಹಿದಾ" ಎಂದು ಬೆನ್ನು ತಟ್ಟಿದೆ. ನಿಮ್ಮಲ್ಲಿ ಯಾರಾದರೂ ಈ ಬರಹದಿಂದ ಒಂದೇ ಒಂದು ಮಾತು ನೆನಪಿಡುವುದಾದರೆ ಇದನ್ನಿಡಿ. ಸೊನ್ನೆ ಹಾಕಿ ಪರೀಕ್ಷೆ ಮಾಡಬೇಡಿ. ಎಲ್ಲರೂ ಸೊನ್ನೆಯಾಗಿರುವಲ್ಲಿ ಯಾರು ಯಾರ ಜಾಗದಲ್ಲಿ ಕೂತಿದ್ದಾರೆಂದು ಗೊತ್ತಾಗುವುದಿಲ್ಲ.

ಆಮೇಲೆ ಕುಸುಬಿಯ ನಂಟನ ಲೆಕ್ಕ ಹಾಕಿದೆವು, ಹಳೆಯ ಯಂತ್ರದಲ್ಲಿ ನಾನು ಎಂದೂ ನೋಡಿರದ ಮೇಲಿನ ಮೆಟ್ಟಿಲುಗಳದ್ದು. ಪ್ರತಿ ಮೆಟ್ಟಿಲು ಎಷ್ಟು ಬೇಗ ಆರುತ್ತದೆ ಎಂಬ ಪಟ್ಟಿಯನ್ನು ನನ್ನ ಹಳೆಯ ಫೈಲಿನಿಂದಲೇ ತೆಗೆದುಕೊಂಡೆವು. ಬಂದ ಉತ್ತರ ನೋಡಿ ಇಬ್ಬರೂ ಕುರ್ಚಿಯಿಂದ ಎದ್ದು ನಿಂತೆವು. ಅಣುವಿನ ಎರಡು ಮೇಲಿನ ಮೆಟ್ಟಿಲುಗಳ ನಡುವಿನ ಓಲಾಟ ಯಾರೂ ನಿರೀಕ್ಷಿಸದಷ್ಟು ಹೊತ್ತು, ಹತ್ತರಷ್ಟಕ್ಕಿಂತ ಹೆಚ್ಚು, ನಿಲ್ಲದೆ ನಡೆದಿತ್ತು. ಒಳ್ಳೆಯ ಪತ್ರಿಕೆಯೊಂದರಲ್ಲಿ ಪ್ರಬಂಧ ಪ್ರಕಟವಾಯಿತು, ಶಾಹಿದಾಳ ಹೆಸರು ಮೊದಲಿಗೆ. ಅದೇ ಅವಳ ಪಿಎಚ್.ಡಿ. ಗ್ರಂಥದ ನಡುಮನೆಯಾಯಿತು. ಅದನ್ನು ನೋಡಿ ಬೇರೆ ರಾಜ್ಯದ ಸಂಶೋಧನಾ ಸಂಸ್ಥೆಯೊಂದು ಅವಳಿಗೆ ಕೆಲಸ ಕೊಡಲು ಒಪ್ಪಿತು. ಒಂದೇ ಷರತ್ತು, ಹೇಳಿದ ತಾರೀಖಿನೊಳಗೆ ಪದವಿ ಕೈಯಲ್ಲಿರಬೇಕು. ಅವಳ ಮನೆಯಲ್ಲಿ ಅಷ್ಟು ಓದಿದವರು ಅವಳೊಬ್ಬಳೇ. ಗ್ರಂಥ ಸಲ್ಲಿಸಿಯೂ ಆಯಿತು, ಮೌಖಿಕ ಪರೀಕ್ಷೆಗೆ ದಿನವೂ ಗೊತ್ತಾಯಿತು.

ಇದರ ನಡುವೆ ಕುಲಕರ್ಣಿಯವರು ಇದ್ದರು. ಧಾರವಾಡದ ಕಡೆಯವರು, ದೊಡ್ಡ ಊರಿನ ಪ್ರಯೋಗಶಾಲೆಯಲ್ಲಿ ನಿಜವಾದ ಲೇಸರ್ ಇಟ್ಟುಕೊಂಡವರು. ನಮ್ಮ ಲೆಕ್ಕವನ್ನು ಪ್ರಯೋಗದಲ್ಲಿ ನೋಡುತ್ತೇನೆಂದು ಒಪ್ಪಿಕೊಂಡಿದ್ದರು. ಅವರ ಲೇಸರಿನಲ್ಲಿ ಓಲಾಟ ಹುಟ್ಟಿದ ಕೂಡಲೇ ಸಾಯುತ್ತಿತ್ತು. ತಿಂಗಳಿಗೊಮ್ಮೆ ಫೋನ್ ಮಾಡುತ್ತಿದ್ದರು.

"ಮೇಡಂ, ನಿಮ್ಮ ಲೆಕ್ಕ ಖರೇ ಇದ್ರ ನನ್ನ ಲೇಸರ್ ಸುಳ್ಳು ಐತಿ ನೋಡ್ರಿ."

"ಕನ್ನಡಿ ಒರಿಸ್ರಿ ಸರ್, ಧೂಳ ಕುಂತಿರಬೇಕು" ಎಂದೆ ನಾನು. ಹಾಗೆಂದೇ ಹೇಳಿದೆ. ಆ ಮನುಷ್ಯ ನನ್ನ ಮಾತು ನಂಬಿ ಎಂಟು ತಿಂಗಳು ತಮ್ಮ ಯಂತ್ರದ ಒಂದೊಂದು ಭಾಗವನ್ನೂ ಬಿಚ್ಚಿ ಜೋಡಿಸಿದರು.

ಮೌಖಿಕ ಪರೀಕ್ಷೆಗೆ ಹನ್ನೊಂದು ದಿನ ಇರುವಾಗ ಅವರು ಮತ್ತೆ ಫೋನ್ ಮಾಡಿ, "ಎಲ್ಲಾ ಬದಲಿ ಮಾಡೀನ್ರಿ. ಈಗೂ ಸಾಯಾಕತ್ತೈತಿ. ನನಗ ಇನ್ನ ಆಗಾಂಗಿಲ್ಲ ಮೇಡಂ" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. ಆ ದಣಿವು ನನ್ನನ್ನು ಚುಚ್ಚಿತು. ಸುಮ್ಮನೆ ಒಂದು ಸಮಾಧಾನಕ್ಕೆ, ಕಪಾಟಿನ ಕೆಳಗಿದ್ದ ಹಳೆಯ ಕಂಪ್ಯೂಟರ್ ಹೊರಗೆಳೆದು, ಹಳೆಯ ಪ್ರೋಗ್ರಾಮಿಗೆ ಅದೇ ಅಣು, ಅದೇ ಪಟ್ಟಿ ಕೊಟ್ಟೆ. ನಾಲ್ಕನೆಯ ದಿನ ಮಧ್ಯಾಹ್ನ ಉತ್ತರ ಬಂತು. ಓಲಾಟ ಬೇಗನೆ ಸತ್ತಿತ್ತು, ಕುಲಕರ್ಣಿಯವರ ಲೇಸರಿನಲ್ಲಿ ಸತ್ತ ಹಾಗೆಯೇ.

ಎರಡು ಪ್ರೋಗ್ರಾಂ, ಎರಡು ಉತ್ತರ. ಶಾಹಿದಾ ಊರಿಗೆ ಹೋಗಿದ್ದಳು. ನಾನೊಬ್ಬಳೇ ಅವಳ ಪ್ರೋಗ್ರಾಮಿನ ಸಾಲುಗಳ ಮೇಲೆ ಬೆರಳಿಟ್ಟು ನಡೆದೆ. ಸಂಜೆಯಾಗುವುದರೊಳಗೆ ಸಿಕ್ಕಿತು. ನನ್ನ ಪಟ್ಟಿಯ ಮೊದಲ ಸಾಲು ನೆಲಮಟ್ಟದ್ದು. ನೆಲಮಟ್ಟ ಆರುವುದೇ ಇಲ್ಲ, ಅದಕ್ಕಿಂತ ಕೆಳಗೆ ಬೀಳಲು ಜಾಗವಿಲ್ಲ. ಅದಕ್ಕೆ ಅಲ್ಲಿ ಸೊನ್ನೆ ಬರೆದಿದ್ದೆ. ಶಾಹಿದಾಳ ಪ್ರೋಗ್ರಾಂ ನೆಲಮಟ್ಟವನ್ನು ಬೇರೆಯಾಗಿ ಎತ್ತಿಟ್ಟು, ಪಟ್ಟಿಯ ಮೊದಲ ಸಾಲನ್ನು ಅದರ ಮೇಲಿನ ಮೆಟ್ಟಿಲಿನದೆಂದು ಓದಿಕೊಳ್ಳುತ್ತಿತ್ತು. ಎಲ್ಲರೂ ಒಂದೊಂದು ಜಾಗ ಸರಿದಿದ್ದರು. ಎಂದೂ ಸಾಯದವನ ಸೊನ್ನೆ, ಸಾಯಲೇಬೇಕಾದವನ ಪಾಲಿಗೆ ಬಂದಿತ್ತು. ಪಟ್ಟಿಯ ಕೊನೆಯ ಅಂಕಿ ಯಾರೂ ಓದದೆ ಉಳಿದಿತ್ತು. ಅವ್ವನಾಗಿದ್ದರೆ ಒಂದು ಸೇರು ಹೆಚ್ಚು ಉಳಿಯಿತಲ್ಲ ಎಂದು ತಡೆದು ನಿಲ್ಲುತ್ತಿದ್ದಳು. ಯಂತ್ರ ಉಳಿದದ್ದರ ಬಗ್ಗೆ ಕೇಳುವುದಿಲ್ಲ.

ನನ್ನ ಟಿಪ್ಪಣಿಯನ್ನು ಅವಳು ಅಳಿಸಿರಲಿಲ್ಲ. ಅದೇ ಸಾಲಿನ ಪಕ್ಕದಲ್ಲೇ ಇತ್ತು: ಲಾಭದಿಂದ ಎಣಿಸು. ಇಷ್ಟು ಸ್ಪಷ್ಟವಾಗಿ ಬರೆದಿದ್ದರೂ ಈ ಹುಡುಗಿ ಹೇಗೆ ತಪ್ಪಿದಳು ಎಂದು ನನಗೆ ಸಿಟ್ಟು ಬಂತು. ಹೌದು, ಮೊದಲು ಬಂದದ್ದು ಸಿಟ್ಟೇ.

ಗುರುಗಳಿಗೆ ಫೋನ್ ಮಾಡಿದೆ. ಅವರು, "ನೋಡಿ, ಸುಳ್ಳು ಹೇಳಿ ಅಂತ ನಾನು ಹೇಳ್ತಾ ಇಲ್ಲ. ಒಂದು ವಾರ ಸುಮ್ಮನಿರಿ. ವೈವಾ ಮುಗೀಲಿ, ಆಮೇಲೆ ಪತ್ರಿಕೆಗೆ ತಿದ್ದುಪಡಿ ಕಳಿಸೋಣ. ಹುಡುಗಿ ಕೆಲಸ ಉಳಿಯುತ್ತೆ" ಎಂದರು. ಅವರು ಕೆಟ್ಟವರಲ್ಲ. ಅವರ ಮಾತು ನನಗೂ ಹಿಡಿಸಿತು. ಇದನ್ನು ಮುಚ್ಚಿಡುವುದಿಲ್ಲ. ಮರುದಿನ ಬೆಳಿಗ್ಗೆ ಝಳಕಿಗೆ ಬಸ್ಸು ಹತ್ತಿದಾಗ ಶಾಹಿದಾಳೇ "ಸುಮ್ಮನಿರೂಣ್ರಿ ಮೇಡಂ" ಎಂದುಬಿಡಲಿ ಎಂದು ಮನಸ್ಸಿನೊಳಗೆ ಬೇಡಿಕೊಳ್ಳುತ್ತಿದ್ದೆ.

ಅವರ ಮನೆ ಹೆದ್ದಾರಿಯ ಹತ್ತಿರವೇ. ಅಂಗಳದ ತುಂಬ ಲಿಂಬೆಕಾಯಿ ಹರವಿ ಅವಳ ತಂದೆ ಸಣ್ಣದು ದೊಡ್ಡದು ಬೇರ್ಪಡಿಸುತ್ತಿದ್ದರು. "ಬರ್ರಿ ಮೇಡಂ, ಬರ್ರಿ. ಶಾಹಿದಾ, ನಿಮ್ಮ ಮೇಡಂ ಬಂದಾರ ನೋಡು" ಎಂದು ಎದ್ದು ನಿಂತರು. ಒಳಗೆ ಅವಳ ಅಜ್ಜಿ ಚಾಪೆಯ ಮೇಲೆ ಕೂತು ಜೋಳ ಅಳೆಯುತ್ತಿದ್ದರು. ನಾನು ಕಂಬಕ್ಕೊರಗಿ ಕೂತೆ. ಹೇಗೆ ಮಾತು ತೆಗೆಯುವುದೆಂದು ತಿಳಿಯದೆ ಅಜ್ಜಿಯ ಕೈಯನ್ನೇ ನೋಡುತ್ತಿದ್ದೆ.

ಅಜ್ಜಿ ಮೊದಲ ಸೇರು ತುಂಬಿ, "ಬರ್ಕತ್" ಎಂದು ಹೇಳಿ ಪಕ್ಕದ ಸಣ್ಣ ಚೀಲಕ್ಕೆ ಸುರಿದರು. ಆಮೇಲೆ ದೊಡ್ಡ ಚೀಲಕ್ಕೆ ಸುರಿಯುತ್ತ, "ಒಂದು, ಎರಡು" ಎಂದು ಶುರು ಮಾಡಿದರು.

ನಾನು ಕಂಬ ಬಿಟ್ಟು ಮುಂದಕ್ಕೆ ಬಾಗಿದೆ.

"ಅಮ್ಮಾ, ಆ ಮೊದಲಿಂದು ಎಣಿಸಲಿಲ್ಲಲ್ರಿ?" ಎಂದೆ.

"ಅದು ಬರ್ಕತ್ ಅಲ್ಲೇನ್ರೀ ಯವ್ವಾ? ಅದು ಬಾಗಲಿಗಿ ಬಂದವ್ರದು. ನಮ್ಮದು ಅದರ ಮುಂದಿಂದು" ಎಂದರು ಅಜ್ಜಿ, ಇಷ್ಟೂ ಗೊತ್ತಿಲ್ಲವೇ ಎಂಬಂತೆ.

ಚಹಾ ತಂದಿಟ್ಟ ಶಾಹಿದಾಳನ್ನು ಕೇಳಿದೆ. "ಶಾಹಿದಾ, ಪ್ರೋಗ್ರಾಂದಾಗ ನಾ 'ಲಾಭದಿಂದ ಎಣಿಸು' ಅಂತ ಬರದಿದ್ನೆಲ್ಲ. ನೀ ಏನಂತ ತಿಳಕೊಂಡಿ?"

"ಲಾಭ ತಗದಿಟ್ಟು ಅದರ ಮುಂದಿಂದ ಎಣಿಸು ಅಂತ್ರಿ. ನಿಮ್ಮ ಲಾಭ ಅಂದ್ರ ನಮ್ಮ ಬರ್ಕತ್ ಅಲ್ರಿ?" ಎಂದಳು. ಅವಳು ನನ್ನ ಮುಖ ನೋಡಿದಳು, ಅಜ್ಜಿಯ ಎರಡು ಚೀಲಗಳನ್ನು ನೋಡಿದಳು. ಹೇಳಿದೆನಲ್ಲ, ಚುರುಕು ಹುಡುಗಿ.

"ಮೇಡಂ, ನಿಮ್ಮ ಮನ್ಯಾಗ ಲಾಭ ಎಣಿಕಿಗಿ ಬರತೈತ್ರಿ?"

"ಬರತೈತವ್ವ. ಲಾಭ, ಎರಡು, ಮೂರು."

"ಹಂಗಾರ ಆ ಸೊನ್ನಿ..." ಎಂದವಳು ಅಲ್ಲೇ ನೆಲದ ಮೇಲೆ ಕೂತಳು. "ಅದಕ್ಕಽ ಅದು ನಿಲ್ಲಲೇ ಇಲ್ಲ."

ನಾನು ಎಲ್ಲವನ್ನೂ ಹೇಳಿದೆ. ಹಳೆಯ ಕಂಪ್ಯೂಟರಿನ ಉತ್ತರ, ಕುಲಕರ್ಣಿಯವರ ಎಂಟು ತಿಂಗಳು, ಗುರುಗಳ ಸಲಹೆ, ಎಲ್ಲ. ಸುಮ್ಮನಿದ್ದರೆ ಪದವಿಯೂ ಬರುತ್ತದೆ, ಕೆಲಸವೂ ಉಳಿಯುತ್ತದೆ. ಹಿಂದಕ್ಕೆ ತೆಗೆದುಕೊಂಡರೆ ಎರಡೂ ಗ್ಯಾರಂಟಿ ಇಲ್ಲ. ತಪ್ಪು ನನ್ನದು, ಅದನ್ನು ಎಲ್ಲಿ ಬೇಕಾದರೂ ಬರೆದುಕೊಡುತ್ತೇನೆ ಎಂದೂ ಹೇಳಿದೆ. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಡಿಸುತ್ತ ಕೂತಿದ್ದಳು.

"ಏನಾತ ಬೇಟಿ? ಮಾರಿ ಯಾಕ ಸಣ್ಣ ಆತು?" ಎಂದರು ಅಜ್ಜಿ.

"ಅಳತಿ ತಪ್ಪೇತಿ ದಾದಿ" ಎಂದಳು ಶಾಹಿದಾ.

ಅಜ್ಜಿ ಕೈಯ ಸೇರು ಕೆಳಗಿಡಲೂ ಇಲ್ಲ. "ತಪ್ಪಿದ್ರ ಸುರುವಿ ಮತ್ತ ಅಳಿ. ಅದಕ್ಯಾಕ ಇಷ್ಟ ವಿಚಾರ?" ಎಂದರು.

ಶಾಹಿದಾ ನಕ್ಕಳು. ನಗುತ್ತ ನಗುತ್ತ ಕಣ್ಣು ತುಂಬಿಕೊಂಡಳು. "ಸುರುವಿ ಬಿಡೂಣ್ರಿ ಮೇಡಂ" ಎಂದಳು. ನನಗೆ ನಾಚಿಕೆಯಾಯಿತು. ನಾನು ಬಸ್ಸಿನಲ್ಲಿ ಬೇಡಿಕೊಂಡು ಬಂದದ್ದು ಬೇರೆ. ಅವಳ ತಂದೆ ಒಂದು ಚೀಲ ಲಿಂಬೆಕಾಯಿ ಕಟ್ಟಿಕೊಟ್ಟರು, ಬೇಡವೆಂದರೂ ಕೇಳಲಿಲ್ಲ. ಇಂಡಿ ಬಸ್ ಸ್ಟ್ಯಾಂಡಿನಲ್ಲಿ ಇಳಿದು ಆ ಚೀಲ ತೊಡೆಯ ಮೇಲಿಟ್ಟುಕೊಂಡು ಜನರ ನಡುವೆಯೇ ಅತ್ತೆ.

ಗ್ರಂಥವನ್ನು ಹಿಂದಕ್ಕೆ ಪಡೆದೆವು. ಪತ್ರಿಕೆಗೆ ತಿದ್ದುಪಡಿ ಕಳಿಸಿದೆವು. ಪರೀಕ್ಷೆ ಸರಿಯಾಗಿ ಮಾಡದೆ ಹೋದದ್ದು ನಾನು ಎಂದು ಅದರಲ್ಲಿ ಸ್ಪಷ್ಟವಾಗಿ ಬರೆದೆ. ಗುರುಗಳು ಓದಿ, ಒಂದೇ ಒಂದು ಪದ ಬದಲಿಸದೆ ಸಹಿ ಹಾಕಿದರು. ಶಾಹಿದಾಳಿಗೆ ಬರಬೇಕಿದ್ದ ಕೆಲಸ ಇನ್ನೊಬ್ಬರಿಗೆ ಹೋಯಿತು. ಅದಕ್ಕೆ ನಾನೇ ಕಾರಣ ಎಂಬುದು ಇವತ್ತಿಗೂ ನನ್ನ ಮನಸ್ಸಿನಲ್ಲಿದೆ, ಎಷ್ಟು ತೃಪ್ತಿಯಿದ್ದರೂ ಅದೊಂದು ಹಾಗೇ ಇದೆ.

ಕುಲಕರ್ಣಿಯವರಿಗೆ ಹೇಳುವುದು ಎಲ್ಲಕ್ಕಿಂತ ಕಷ್ಟವಾಯಿತು. ಪೂರ್ತಿ ಕೇಳಿಸಿಕೊಂಡು, "ಎಂಟು ತಿಂಗಳು ಮೇಡಂ! ಕನ್ನಡಿ ತಿಕ್ಕಿ ತಿಕ್ಕಿ ಕೈಯಾಗ ರೇಖಿ ಉಳದಿಲ್ಲ ನನ್ನವು" ಎಂದು ಫೋನ್ ಇಟ್ಟರು. ಹದಿನೈದು ದಿನ ಮಾತಾಡಲಿಲ್ಲ. ಆಮೇಲೆ ಒಂದು ದಿನ, ತಪ್ಪೆಂದು ಬದಿಗೆ ಎಸೆದಿದ್ದ ತಮ್ಮ ಅಳತೆಗಳನ್ನೆಲ್ಲ ಒಟ್ಟಿಗೆ ಕಳಿಸಿದರು. ಶಾಹಿದಾ ಸರಿಪಡಿಸಿದ ಲೆಕ್ಕದ ಗೆರೆಯನ್ನು ಅದರ ಮೇಲಿಟ್ಟೆವು. ಮೊದಲಿಂದ ಕೊನೆಯವರೆಗೆ ಕೂಡಿತು. ಬೆರಗು ಹುಟ್ಟಿಸುವ ಗೆರೆಯೇನಲ್ಲ, ಏಳುತ್ತದೆ, ನಾಲ್ಕು ಸಲ ಓಲಾಡುತ್ತದೆ, ಸಾಯುತ್ತದೆ. ನನ್ನ ಇಡೀ ನೌಕರಿಯಲ್ಲಿ ಅಷ್ಟು ಖುಷಿ ಕೊಟ್ಟ ಚಿತ್ರ ಇನ್ನೊಂದಿಲ್ಲ. ಅದರ ಅಚ್ಚನ್ನು ಕುಲಕರ್ಣಿಯವರು ತಮ್ಮ ಲೇಸರಿನ ಮೇಜಿನ ಮೇಲಿನ ಗೋಡೆಗೆ 'ನಿರಪರಾಧಿ' ಎಂದು ಬರೆದು ಅಂಟಿಸಿದ್ದಾರಂತೆ.

ಒಂದೂವರೆ ವರ್ಷ ತಡವಾಗಿ ಮೌಖಿಕ ಪರೀಕ್ಷೆ ನಡೆಯಿತು. ಪರೀಕ್ಷಕರು ಗೆರೆಯ ಬಗ್ಗೆ ಹೆಚ್ಚು ಕೇಳಲಿಲ್ಲ. ತಪ್ಪು ಹೇಗಾಯಿತು ಎಂದು ಕೇಳಿದರು. ಶಾಹಿದಾ ಲಾಭ ಮತ್ತು ಬರ್ಕತ್ತಿನ ಕಥೆ ಹೇಳಿದಳು. ಅವರು ನಕ್ಕು, ಇದನ್ನು ಗ್ರಂಥದ ಕೊನೆಗೆ ಒಂದು ಪುಟವಾಗಿ ಸೇರಿಸಿ ಎಂದರು. ಈಗ ಅವಳು ಮುದ್ದೇಬಿಹಾಳದ ಕಾಲೇಜಿನಲ್ಲಿ ಕಲಿಸುತ್ತಾಳೆ, ನಾನು ಶುರು ಮಾಡಿದ ಅದೇ ಕಾಲೇಜು. ಅವಳ ಹತ್ತಿರವೂ ಸಂಶೋಧನೆಗೆ ಹುಡುಗಿಯರು ಬರುತ್ತಾರೆ.

ಈಚಿನ ಯಂತ್ರಗಳು ಸಾವಿರ ಅಣುಗಳ ಉದಾಹರಣೆ ನೋಡಿ ತಾವೇ ಕಲಿತುಕೊಂಡು, ಹೊಸ ಅಣುವಿನ ಉತ್ತರವನ್ನು ಚಿಟಿಕೆ ಹೊಡೆಯುವಷ್ಟರಲ್ಲಿ ಹೇಳುತ್ತವೆ. ನಮ್ಮ ಕಾಲವೇ ಚೆಂದ ಎನ್ನುವವಳು ನಾನಲ್ಲ. ಮೂರು ದಿನ ಕಾಯುವುದರಲ್ಲಿ ಏನೂ ಚೆಂದವಿರಲಿಲ್ಲ. ಆದರೆ ಆ ಉದಾಹರಣೆಗಳನ್ನು ಎಣಿಸಿ ಕೊಟ್ಟವರು ಯಾವ ಮನೆಯವರು ಎಂದು ಮಾತ್ರ ಕೇಳಿಕೊಳ್ಳಿ.

ಹೋದ ವಾರ ಶಾಹಿದಾ ತನ್ನ ವಿದ್ಯಾರ್ಥಿನಿಯೊಬ್ಬಳನ್ನು ಬಾಗೇವಾಡಿಗೆ ನನ್ನ ಹತ್ತಿರ ಕಳಿಸಿದ್ದಳು. ಸಿಂದಗಿಯ ಹುಡುಗಿ, ಹೆಸರು ಭಾಗ್ಯಶ್ರೀ. ಪ್ರೋಗ್ರಾಮಿನ ಹೊಸ ರೂಪವನ್ನು ಮೇಡಂ ಒಮ್ಮೆ ಪರೀಕ್ಷಿಸಲಿ ಎಂದು. ತೆರೆದು ನೋಡಿದರೆ ಎಲ್ಲಕ್ಕೂ ಮೇಲಿನ ಸಾಲಿನಲ್ಲಿ, ಈಗ ಕನ್ನಡದ ಅಕ್ಷರಗಳಲ್ಲೇ, ಶಾಹಿದಾ ಹೀಗೆ ಬರೆದಿದ್ದಳು: "ಲಾಭ ಅಂದ್ರ ಮೊದಲಿಂದು. ಮೇಡಂ ಮನ್ಯಾಗ ಎಣಸ್ತಾರ, ನಮ್ಮ ಮನ್ಯಾಗ ತಗದಿಡ್ತಾರ. ಇಲ್ಲಿ ಎಣಿಸೇವಿ. ಗೊತ್ತಾಗದಿದ್ರ ಕೇಳ್ರಿ."

"ನಿಮ್ಮ ಮನ್ಯಾಗ ಹ್ಯಾಂಗವ್ವ?" ಎಂದು ಭಾಗ್ಯಶ್ರೀಯನ್ನು ಕೇಳಿದೆ.

"ನಮ್ಮ ಮನ್ಯಾಗ ಅಳಿಯೂದಽ ಇಲ್ರಿ ಮೇಡಂ. ಅಂಗಡ್ಯಾಗಿನ ಪಾಕೀಟ ತರ್ತೀವ್ರಿ" ಎಂದಳು.

ಎದ್ದು ಹೋಗಿ ಅವ್ವನ ಸೇರು ತಂದೆ. ಡಬ್ಬಿಯಿಂದ ಜೋಳ ತುಂಬಿ ಮೊರಕ್ಕೆ ಸುರಿಯುತ್ತ, "ಲಾಭ" ಎಂದೆ. ಎರಡನೆಯದಕ್ಕೆ ಕೈ ಹಾಕುವಷ್ಟರಲ್ಲಿ ಆ ಹುಡುಗಿ ನನ್ನ ಕೈ ತಡೆದಳು.

"ತಡೀರಿ ಮೇಡಂ. ಇದು ಎಣಿಕ್ಯಾಗ ಬಂತೋ ಇಲ್ಲೋ?"

ಶಾಹಿದಾ ಮತ್ತು ನಾನು ಐದು ವರ್ಷ ಒಂದೇ ಮೇಜಿನ ಮುಂದೆ ಕೂತು ಒಮ್ಮೆಯೂ ಕೇಳಿಕೊಳ್ಳದ ಪ್ರಶ್ನೆಯನ್ನು ಅವಳು ಮೊದಲ ಸೇರಿಗೇ ಕೇಳಿದ್ದಳು.